ಮನೆಯಲ್ಲೇ ಬುದ್ಧ ವಂದನೆ: ಯಾವುದು ಮೊದಲು, ಯಾವುದು ಆಮೇಲೆ

ಮಹಾರಾಷ್ಟ್ರದ ಗಡಿಯ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕಡೆ ಬುದ್ಧ ವಂದನೆಯ ಪುಸ್ತಕ ಸಿಗುವುದು ಹೆಚ್ಚಾಗಿ ದೇವನಾಗರಿಯಲ್ಲಿ. ಅದನ್ನು ಓದುವವರು ಊರಲ್ಲಿಲ್ಲವೆಂದರೆ ಕನ್ನಡದ ಮನೆಗಳಲ್ಲಿ ಹುಣ್ಣಿಮೆಯ ವಂದನೆಯೇ ನಿಂತುಹೋಗುತ್ತದೆ. ನಿಲ್ಲಬೇಕಿಲ್ಲ. ಭಂತೇಜಿಯೋ (ಬೌದ್ಧ ಭಿಕ್ಖು), ವಿಧಿ ನಡೆಸಿಕೊಡುವ ಗೃಹಸ್ಥ ಬೌದ್ಧಾಚಾರ್ಯರೋ ಬಂದರೆ ಒಳ್ಳೆಯದು. ಬರದಿದ್ದರೆ ಮನೆಯ ಹಿರಿಯರು ಅಥವಾ ಶಾಲೆ ಕಲಿಯುವ ಮಗಳು ಹೇಳಿಕೊಟ್ಟರೂ ನಡೆಯುತ್ತದೆ.

ಹಿನ್ನೆಲೆ ಇಷ್ಟು. ಶಾಕ್ಯ ಕುಲದ ಸಿದ್ಧಾರ್ಥ 29ನೇ ವಯಸ್ಸಿಗೆ ಮನೆ ಬಿಟ್ಟರು, 35ಕ್ಕೆ ಬೋಧಗಯೆಯಲ್ಲಿ ಬುದ್ಧರಾದರು. ಸಾರನಾಥದಲ್ಲಿ ಐವರಿಗೆ ಮೊದಲ ಉಪದೇಶ ಮಾಡಿ, 80ರಲ್ಲಿ ಕುಶಿನಗರದಲ್ಲಿ ಪರಿನಿರ್ವಾಣ ಹೊಂದಿದರು. ದುಃಖವಿದೆ, ಅದಕ್ಕೆ ತೃಷ್ಣೆ ಕಾರಣ, ತೃಷ್ಣೆ ಅಳಿದರೆ ದುಃಖವೂ ಅಳಿಯುತ್ತದೆ, ಅದಕ್ಕೆ ಅಷ್ಟಾಂಗ ಮಾರ್ಗವಿದೆ ಎಂಬುದು ಆ ಉಪದೇಶದ ತಿರುಳು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬ ಅಂಬೇಡ್ಕರರು ಭಿಕ್ಖು ಚಂದ್ರಮಣಿ ಅವರಿಂದ ಬೌದ್ಧ ದೀಕ್ಷೆ ಪಡೆದು, ನೆರೆದಿದ್ದ ಲಕ್ಷಾಂತರ ಜನರಿಗೆ ತ್ರಿಸರಣ (ಬುದ್ಧ, ಧಮ್ಮ, ಸಂಘಗಳಿಗೆ ಶರಣು), ಪಂಚಶೀಲ (ನಡತೆಯ ಐದು ನಿಯಮ) ಮತ್ತು ಹಳೆಯ ದೇವರು, ಆಚರಣೆಗಳನ್ನು ಬಿಡುವ ಮಾತೂ ಇರುವ 22 ಪ್ರತಿಜ್ಞೆಗಳನ್ನು ಬೋಧಿಸಿದರು. ನಮ್ಮ ಭಾಗದ ವಂದನೆ ಬಂದದ್ದು ಆ ದಾರಿಯಿಂದ. ಹಾಗಾಗಿ ತೆಂಗಿನಕಾಯಿ, ಕರ್ಪೂರದಾರತಿ, ಹರಕೆ ಇದರೊಳಗೆ ಬೆರೆಯುವುದಿಲ್ಲ. ಹಳೆಯ ರೂಢಿ ಮೊದಲು ನುಸುಳುವುದೇ ಇಲ್ಲಿ.

ಸ್ವಲ್ಪ ಎತ್ತರದ ಮೇಜಿಗೆ ಬಿಳಿ ಬಟ್ಟೆ ಹಾಸಿ ಬುದ್ಧರ ಮೂರ್ತಿ ಅಥವಾ ಪಟ, ಪಕ್ಕಕ್ಕೆ ಬಾಬಾಸಾಹೇಬರ ಪಟ ಇಡಿ. ಮೇಣದಬತ್ತಿ, ಊದುಬತ್ತಿ ಹಚ್ಚಿ. ವೈಶಾಖದ ಬಿಸಿಲಿಗೆ ತಗಡಿನ ಮನೆಯಲ್ಲಿ ಮೇಣದಬತ್ತಿ ಹಚ್ಚುವ ಮೊದಲೇ ಬಾಗಿಬಿಡುತ್ತದೆ. ಎಣ್ಣೆಯ ಹಣತೆ ಸಾಕು. ಪಂಚಶೀಲ ಧ್ವಜ, ಅಂದರೆ ಬೌದ್ಧರ ಬಾವುಟ, ಏರಿಸುವುದಾದರೆ ನೀಲಿ ಪಟ್ಟಿ ಕೋಲಿನ ಕಡೆಗಿರಲಿ. ಆಮೇಲೆ ಹಳದಿ, ಕೆಂಪು, ಬಿಳಿ, ಕೇಸರಿ, ಕೊನೆಗೆ ಐದೂ ಬಣ್ಣ ಸೇರಿದ ಆರನೆಯ ಪಟ್ಟಿ. ಆ ಪಟ್ಟಿಯಲ್ಲಿ ನೀಲಿ ಮೇಲೆ ಬಂದಿದ್ದರೆ ಧ್ವಜ ತಲೆಕೆಳಗಾಗಿಲ್ಲ ಎಂದರ್ಥ.

ಮೊಣಕಾಲೂರಿ, ಎರಡೂ ಅಂಗೈ ಮತ್ತು ಹಣೆ ನೆಲಕ್ಕೆ ತಾಗುವಂತೆ ಮೂರು ಸಲ ನಮಸ್ಕರಿಸಿ. ‘ನಮೋ ತಸ್ಸ ಭಗವತೋ ಅರಹತೋ ಸಮ್ಮಾಸಂಬುದ್ಧಸ್ಸ’ ಮೂರು ಬಾರಿ. ನಂತರ ‘ಬುದ್ಧಂ ಸರಣಂ ಗಚ್ಛಾಮಿ’ಯಿಂದ ತ್ರಿಸರಣ, ಎರಡನೇ ಸುತ್ತಿಗೆ ‘ದುತಿಯಂಪಿ’, ಮೂರನೆಯದಕ್ಕೆ ‘ತತಿಯಂಪಿ’ ಸೇರಿಸಿ. ಈ ಸಾಲುಗಳ ಭಾಷೆಯಾದ ಪಾಳಿಯಲ್ಲಿ ಶ, ಷ ಇಲ್ಲ, ಇರುವುದು ಸ ಒಂದೇ. ಮಕ್ಕಳಿಗೆ ಕನ್ನಡದಲ್ಲಿ ಬರೆದುಕೊಡುವಾಗ ಇದು ನೆನಪಿರಲಿ.

ವಂದನೆಯ ಜೀವ ಪಂಚಶೀಲದಲ್ಲಿದೆ, ಅವಸರವೂ ಇಲ್ಲೇ ಆಗುತ್ತದೆ. ‘ಪಾಣಾತಿಪಾತಾ ವೇರಮಣೀ’ ಎಂದು ನಿಲ್ಲಿಸಿ; ಎಲ್ಲರೂ ಹೇಳಿದ ಮೇಲೆ ‘ಸಿಕ್ಖಾಪದಂ ಸಮಾದಿಯಾಮಿ’. ಇದೇ ರೀತಿ ಅದಿನ್ನಾದಾನಾ, ಕಾಮೇಸು ಮಿಚ್ಛಾಚಾರಾ, ಮುಸಾವಾದಾ, ಸುರಾಮೇರಯ ಮಜ್ಜ ಪಮಾದಟ್ಠಾನಾ. ಕೊಲ್ಲುವುದಿಲ್ಲ, ಕೊಡದ್ದನ್ನು ಎತ್ತಿಕೊಳ್ಳುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ, ಸುಳ್ಳಾಡುವುದಿಲ್ಲ, ಕುಡಿಯುವುದಿಲ್ಲ ಎಂದು ಒಬ್ಬೊಬ್ಬರೂ ತಾವಾಗಿ ಕೊಡುವ ಮಾತಿದು. ಒಬ್ಬರು ಗಡಗಡ ಓದಿ, ಉಳಿದವರು ಕೊನೆಗೆ ‘ಸಾಧು’ ಅಂದರೆ ಮಾತು ಕೊಟ್ಟವರು ಒಬ್ಬರೇ ಆಗುತ್ತಾರೆ.

ಇನ್ನು ಹೂವು. ‘ವಣ್ಣಗಂಧಗುಣೋಪೇತಂ’ ಎಂದು ಶುರುವಾಗುವ ಗಾಥೆಯಲ್ಲಿ ‘ಪುಪ್ಫಂ ಮಿಲಾಯಾತಿ ಯಥಾ ಇದಂ ಮೇ, ಕಾಯೋ ತಥಾ ಯಾತಿ ವಿನಾಸಭಾವಂ’ ಎಂಬ ಸಾಲಿದೆ: ಈ ಹೂವು ಬಾಡುವಂತೆ ನನ್ನ ಮೈಯೂ ಅಳಿಯುತ್ತದೆ. ವರ್ಷಗಟ್ಟಲೆ ತೂಗುವ ಪ್ಲಾಸ್ಟಿಕ್ ಮಾಲೆಯ ಮುಂದೆ ಇದನ್ನು ಹೇಳುವುದರಲ್ಲಿ ಏನು ಹುರುಳಿದೆ? ಹಿತ್ತಲಿನ ನಾಲ್ಕು ಮಲ್ಲಿಗೆ ಸಾಕು. ಬಾಡಿತೆಂದು ಮಧ್ಯಾಹ್ನವೇ ತೆಗೆದು ಬಿಸಾಡಬೇಡಿ, ಮಾರನೆಯ ಬೆಳಿಗ್ಗೆವರೆಗೆ ಇರಲಿ.

‘ಇತಿಪಿ ಸೋ ಭಗವಾ’ದಿಂದ ಬುದ್ಧ, ಧಮ್ಮ, ಸಂಘಗಳ ವಂದನೆ ಮುಗಿಸಿ ಹತ್ತು ನಿಮಿಷ ಆನಾಪಾನಕ್ಕೆ, ಅಂದರೆ ಉಸಿರನ್ನು ಗಮನಿಸುವ ಧ್ಯಾನಕ್ಕೆ ಕೂರಿ. ಉಸಿರನ್ನು ಎಳೆದು ಹಿಡಿಯಬೇಡಿ, ಅದು ಪ್ರಾಣಾಯಾಮವಾಗುತ್ತದೆ. ಮೂಗಿನ ತುದಿಯಲ್ಲಿ ಅದು ಹೋಗಿ ಬರುವುದನ್ನು ಗಮನಿಸಿದರಾಯಿತು. ಕೊನೆಗೆ ‘ಭವತು ಸಬ್ಬ ಮಂಗಲಂ’, ಮೂರು ಸಲ ಸಾಧು.

ಬುದ್ಧ ಪೂರ್ಣಿಮೆಯ ಖೀರಿಗೆ 1 ಲೀಟರ್ ಹಾಲು, 75 ಗ್ರಾಂ ಅಕ್ಕಿ, 150 ಗ್ರಾಂ ಬೆಲ್ಲ. ಕುದಿಯುವ ಹಾಲಿಗೆ ಬೆಲ್ಲ ಹಾಕಿದರೆ ಒಡೆಯುತ್ತದೆ. ಕೆಳಗಿಳಿಸಿ, ಹತ್ತು ನಿಮಿಷ ಆರಿದ ಮೇಲೆ ಬೆರೆಸಿ. ಅಂದು ಅಷ್ಟಶೀಲ (ಎಂಟು ನಿಯಮಗಳ ವ್ರತ) ಹಿಡಿದವರು ಮಧ್ಯಾಹ್ನದ ನಂತರ ಉಣ್ಣುವಂತಿಲ್ಲ, ಆದ್ದರಿಂದ ಖೀರನ್ನು ಸಂಜೆಗೆ ಇಟ್ಟುಕೊಳ್ಳದೆ ಬೆಳಿಗ್ಗೆಯೇ ಹಂಚಿಬಿಡಿ.