ಮಕ್ಕಳ ಜೊತೆ ವಿಂಧ್ಯಗಿರಿ ಹತ್ತುವುದು ಹೇಗೆ

ಹಾಸನದ ನಮ್ಮ ಮನೆಗೆ ನೆಂಟರು ಬಂದರೆ ಶ್ರವಣಬೆಳಗೊಳ ತಪ್ಪುವುದಿಲ್ಲ. ಅಲ್ಲಿ ಗೊಮ್ಮಟೇಶ್ವರ ನಿಂತಿರುವ ವಿಂಧ್ಯಗಿರಿ ಬೆಟ್ಟಕ್ಕೆ ಬಂಡೆಯಲ್ಲೇ ಕಡಿದ ಸುಮಾರು 650 ಮೆಟ್ಟಿಲು, ಚಪ್ಪಲಿ ಕೆಳಗೇ ಬಿಡಬೇಕು. ಹಾಗಾಗಿ ಬೆಳಗ್ಗೆ ಬೇಗ ಹೊರಡಿ. ಬಿಸಿಲೇರಿದರೆ ಕಲ್ಲು ಕಾದು ಮಕ್ಕಳ ಅಂಗಾಲು ಸುಡುತ್ತದೆ. ಕಾಲುಚೀಲ ಬ್ಯಾಗಿನಲ್ಲಿರಲಿ, ಆದರೆ ನುಣುಪು ಮೆಟ್ಟಿಲಲ್ಲಿ ಅದು ಜಾರುತ್ತದೆ. ಕಲ್ಲು ತಣ್ಣಗಿದ್ದಾಗ ಬರಿಗಾಲೇ ವಾಸಿ.

ಮಾತಾಡಲು ಆಗದಷ್ಟು ಏದುಸಿರು ಬಂದರೆ ನಿಲ್ಲಿ, ಗುಟುಕು ನೀರು ಕುಡಿಯಿರಿ. ಮಂಡಿಗೆ ಜಾಸ್ತಿ ಭಾರ ಬೀಳುವುದು ಇಳಿಯುವಾಗ. ತೊಡೆಯ ಸ್ನಾಯು ಇಡೀ ಮೈಭಾರವನ್ನು ತಡೆದು ತಡೆದು ಇಳಿಸಬೇಕಲ್ವಾ? ಮಂಡಿ ಕೊಂಚ ಬಗ್ಗಿಸಿ, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಯಿರಿ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಳ್ಳಬೇಡಿ. (ನಮ್ಮ ಯಜಮಾನರಿಗೆ ಎಷ್ಟು ಹೇಳಿದರೂ ಅಷ್ಟೇ!) ಮಂಡಿನೋವಿರುವ ಹಿರಿಯರಿಗೆ ಡೋಲಿ ಸಿಗುತ್ತದೆ. ನಮ್ಮತ್ತೆ ಅದರಲ್ಲೇ ಹೋಗುತ್ತಾರೆ.