ಹಾಸ್ಟೆಲ್ ರೂಮಿಗೆ ಹೊಸ ಲ್ಯಾಪ್‌ಟಾಪ್: ವೈಫೈ ಒತ್ತುವ ಮುನ್ನ

ಸೀಟು ಸಿಕ್ಕಿ ತುಮಕೂರಿಗೆ ಬಂದಿಳಿಯುವ ಮಕ್ಕಳ ಸಾಮಾನು ನೋಡಿ. ಹಾಸಿಗೆ ಸುರುಳಿ, ಬಕೆಟ್ಟು, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಡಬ್ಬಿ, ಜೊತೆಗೆ ಎದೆಗವಚಿಕೊಂಡ ಲ್ಯಾಪ್‌ಟಾಪ್ ಬ್ಯಾಗು. ತಿಪಟೂರು ಕಡೆಯವರಾದರೆ ಅದರಲ್ಲಿ ಕೊಬ್ಬರಿ ಮಾರಿದ ದುಡ್ಡಿರುತ್ತದೆ, ಪಾವಗಡದವರಾದರೆ ಕಡ್ಲೆಕಾಯಿ ದುಡ್ಡು. ಒಳಗೆ ಆಧಾರ್, ಜಾತಿ-ಆದಾಯ ಪ್ರಮಾಣಪತ್ರ, ಸ್ಕಾಲರ್‌ಶಿಪ್ಪಿಗೆಂದು ಸ್ಕ್ಯಾನ್ ಮಾಡಿಸಿದ ಪಾಸ್‌ಬುಕ್ಕು ಎಲ್ಲ ಇರುತ್ತವೆ. ಇಂಥ ಯಂತ್ರವನ್ನು ರೂಮಿಗೆ ಕಾಲಿಟ್ಟ ಹತ್ತೇ ನಿಮಿಷಕ್ಕೆ ಹಾಸ್ಟೆಲ್ ವೈಫೈಗೆ ಹಾಕಿಬಿಡುತ್ತಾರೆ. ದಯವಿಟ್ಟು ಸ್ವಲ್ಪ ತಡೆಯಿರಿ. ಕೆಲವು ಕೆಲಸಗಳು ಅದಕ್ಕೂ ಮೊದಲೇ ಮುಗಿಯಬೇಕು.

ಮನೆಯ ವೈಫೈಯಲ್ಲಿ ಇರುವುದು ನಾಲ್ಕು ಫೋನು. ಹಾಸ್ಟೆಲಿನದು ಛತ್ರ ಇದ್ದಹಾಗೆ. ನೂರಾರು ಯಂತ್ರ ಒಂದೇ ಹಜಾರದಲ್ಲಿ ಮಲಗಿರುತ್ತವೆ, ಯಾವುದಕ್ಕೆ ಯಾವ ಕಾಯಿಲೆಯೋ ತಿಳಿಯದು. 2017ರ ಮೇ 12ರಂದು ಹರಡಲು ಶುರುವಾದ ವಾನ್ನಾಕ್ರೈ ಎಂಬ ಕಂಪ್ಯೂಟರ್ ಹುಳು 150ಕ್ಕೂ ಹೆಚ್ಚು ದೇಶಗಳ ಕಂಪ್ಯೂಟರ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳಿತಲ್ಲ, ಅದು ಹರಡಿದ್ದು ಹೀಗೆಯೇ. ಯಾರೂ ಯಾವ ಲಿಂಕನ್ನೂ ಒತ್ತಬೇಕಿರಲಿಲ್ಲ. ನೆಟ್‌ವರ್ಕಿನಲ್ಲಿ ಒಂದು ಯಂತ್ರಕ್ಕೆ ಹತ್ತಿದರೆ, ಫೈಲ್ ಹಂಚುವ ಬಾಗಿಲಿನಿಂದ ಪಕ್ಕದ್ದಕ್ಕೆ ತಾನಾಗಿಯೇ ನುಗ್ಗುತ್ತಿತ್ತು. ಆ ಬಾಗಿಲ ಬಿರುಕು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್ 14ರಂದೇ ಕೊಟ್ಟಿತ್ತು. ಎರಡು ತಿಂಗಳಲ್ಲಿ ಅದನ್ನು ಹಾಕಿಕೊಂಡಿದ್ದವರ ಯಂತ್ರಕ್ಕೆ ಆ ದಾರಿಯಿಂದ ಹುಳು ನುಗ್ಗಲಾಗಲಿಲ್ಲ.

ಊರಲ್ಲೇ ಮುಗಿಸಬೇಕಾದ್ದು

ಹಾಗಾಗಿ ಮೊದಲ ಹೆಜ್ಜೆ ಅಪ್‌ಡೇಟ್, ಅದೂ ನಿಮ್ಮ ಮನೆಯಲ್ಲಿ, ನಿಮ್ಮದೇ ಫೋನಿನ ಹಾಟ್‌ಸ್ಪಾಟಿನಲ್ಲಿ. ‘ಸೆಟ್ಟಿಂಗ್ಸ್’ ತೆರೆದು ‘ವಿಂಡೋಸ್ ಅಪ್‌ಡೇಟ್’ಗೆ ಹೋಗಿ. ಹೊಸ ಲ್ಯಾಪ್‌ಟಾಪಿಗೆ ಹಲವು ಜಿಬಿ ಇಳಿಯಬೇಕಾಗಬಹುದು. ದಿನಕ್ಕೆ ಒಂದೂವರೆ-ಎರಡು ಜಿಬಿಯ ಪ್ಲಾನಿನಲ್ಲಿ ಒಂದೇ ದಿನಕ್ಕೆ ಆಗಲಿಕ್ಕಿಲ್ಲ, ಮೂರು ನಾಲ್ಕು ದಿನಕ್ಕೆ ಹಂಚಿಕೊಳ್ಳಿ. ಹಾಟ್‌ಸ್ಪಾಟಿಗೆ ‘ಮೀಟರ್ಡ್ ಕನೆಕ್ಷನ್’ (ಡೇಟಾ ಉಳಿಸುವ ಸೆಟ್ಟಿಂಗ್) ಆನ್ ಆಗಿದ್ದರೆ ದೊಡ್ಡ ಅಪ್‌ಡೇಟ್‌ಗಳು ತಾವಾಗಿ ಇಳಿಯದಿರಬಹುದು, ಅದನ್ನು ಆಫ್ ಮಾಡಿ. ರೀಸ್ಟಾರ್ಟ್ ಕೇಳಿದರೆ ಮಾಡಿ, ಮತ್ತೆ ಹುಡುಕಿ. ‘ಅಪ್ ಟು ಡೇಟ್’ ಎಂದು ಬರುವವರೆಗೆ ಬಿಡಬೇಡಿ.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಬೇರೆಲ್ಲಿಂದಲೋ ಸೆಕೆಂಡ್ ಹ್ಯಾಂಡ್ ತಂದಿದ್ದರೆ ಅದರಲ್ಲಿ ವಿಂಡೋಸ್ 10 ಇದೆಯೇ ನೋಡಿ. ಅದಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಯಂತ್ರ ಒಪ್ಪಿದರೆ 11ಕ್ಕೆ ಏರಿಸಿ, ಒಪ್ಪದಷ್ಟು ಹಳೆಯದಾದರೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿಸಿ. ಎರಡಕ್ಕೂ ದುಡ್ಡು ಬೇಡ. ಮೊದಲ ವರ್ಷದ ಸಿ ಮತ್ತು ಪೈಥಾನ್ ಲ್ಯಾಬಿಗೆ ಅವು ಧಾರಾಳವಾಗಿ ಸಾಕು.

ಇನ್ನೊಂದು ಸಂಗತಿಯನ್ನು ಒತ್ತಿ ಹೇಳಬೇಕು. ಅಂಗಡಿಯಲ್ಲಿ ಲ್ಯಾಪ್‌ಟಾಪ್ ಆನ್ ಮಾಡಿ ಕೊಡುವಾಗ ಎಷ್ಟೋ ಸಲ ಅಂಗಡಿಯವರದೇ ಮೇಲ್ ಹಾಕಿ ಸೆಟಪ್ ಮುಗಿಸಿಬಿಡುತ್ತಾರೆ. ವಿಂಡೋಸ್ 11ರಲ್ಲಿ ಡಿಸ್ಕಿಗೆ ತಾನಾಗಿಯೇ ಬೀಗ ಬೀಳುವುದುಂಟು, ಅದನ್ನು ತೆರೆಯುವ 48 ಅಂಕಿಗಳ ರಿಕವರಿ ಕೀ ಆ ಮೇಲ್ ಖಾತೆಗೆ ಹೋಗಿ ಕೂರುತ್ತದೆ. ಮುಂದೊಂದು ದಿನ ನೀಲಿ ಪರದೆ ಆ ಕೀ ಕೇಳಿದಾಗ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಸೆಟಪ್ಪಿಗೆ ನಿಮ್ಮ ಸ್ವಂತ ಮೇಲ್ ಕೊಡಿ. ನಿಮ್ಮ ಮೈಕ್ರೋಸಾಫ್ಟ್ ಖಾತೆಯ ಡಿವೈಸ್ ಪುಟದಲ್ಲಿ ಆ ಕೀ ಹುಡುಕಿ, ನೋಟ್‌ಬುಕ್ಕಿನಲ್ಲಿ ಬರೆದು ಆ ಪುಸ್ತಕವನ್ನು ಊರಲ್ಲೇ ಬಿಟ್ಟು ಬನ್ನಿ. ಲ್ಯಾಪ್‌ಟಾಪ್ ಕವರಿನೊಳಗೆ ಅದನ್ನು ಇಟ್ಟರೆ ಬೀಗದ ಜೊತೆಗೇ ಕೀಲಿಕೈ ಕಟ್ಟಿಟ್ಟಂತೆ.

ರೂಮಿನಲ್ಲಿ, ಮೊದಲ ದಿನ

ವೈಫೈ ಹೆಸರು ಒತ್ತುವ ಮುನ್ನ ‘ವಿಂಡೋಸ್ ಸೆಕ್ಯೂರಿಟಿ’ ತೆರೆದು ಫೈರ್‌ವಾಲ್ (ನೆಟ್‌ವರ್ಕಿನಿಂದ ಒಳನುಗ್ಗುವುದನ್ನು ತಡೆಯುವ ಕಾವಲು) ಪುಟ ನೋಡಿ. ಅಲ್ಲಿ ಕಾಣುವ ಮೂರೂ ನೆಟ್‌ವರ್ಕ್‌ಗಳಿಗೆ ಆನ್ ಎಂದೇ ಇರಬೇಕು. ವೈಫೈ ಸೇರಿದ ಕೂಡಲೇ ಅದರ ಪ್ರಾಪರ್ಟೀಸ್‌ಗೆ ಹೋಗಿ ‘ಪಬ್ಲಿಕ್ ನೆಟ್‌ವರ್ಕ್’ ಆರಿಸಿ. ಹೆಸರು ಕೇಳಿ ಹಲವರು ಹೆದರಿ ‘ಪ್ರೈವೇಟ್’ ಒತ್ತುತ್ತಾರೆ. ಅರ್ಥ ತಿರುವುಮುರುವು: ಪಬ್ಲಿಕ್ ಎಂದರೆ ‘ನಾನು ಸಾರ್ವಜನಿಕ ಜಾಗದಲ್ಲಿದ್ದೇನೆ, ನನ್ನನ್ನು ಬೇರೆ ಯಂತ್ರಗಳಿಗೆ ತೋರಿಸಬೇಡ’ ಎಂದು ವಿಂಡೋಸಿಗೆ ಹೇಳಿದಂತೆ.

ಕೆಲವು ಕಾಲೇಜುಗಳಲ್ಲಿ ಲ್ಯಾಪ್‌ಟಾಪಿನ ಮ್ಯಾಕ್ ಅಡ್ರೆಸ್, ಅಂದರೆ ನೆಟ್‌ವರ್ಕಿನಲ್ಲಿ ಆ ಯಂತ್ರದ ಗುರುತು, ಬರೆದು ಕೊಡಬೇಕು. ವೈಫೈ ಪ್ರಾಪರ್ಟೀಸ್‌ನ ಕೆಳಗೆ ಫಿಸಿಕಲ್ ಅಡ್ರೆಸ್ ಎಂದು ಹನ್ನೆರಡು ಅಕ್ಷರ-ಅಂಕಿ ಇರುತ್ತವಲ್ಲ, ಅದೇ. ‘ರ‍್ಯಾಂಡಮ್ ಹಾರ್ಡ್‌ವೇರ್ ಅಡ್ರೆಸ್’ ಆನ್ ಇದ್ದರೆ ಆ ವಿಳಾಸ ಬದಲಾಗಿ ನೆಟ್ ಸಿಗದೆ ಪರದಾಡುತ್ತೀರಿ. ಹಾಸ್ಟೆಲ್ ನೆಟ್‌ವರ್ಕಿಗೆ ಮಾತ್ರ ಅದನ್ನು ಆಫ್ ಮಾಡಿ.

ಲಾಗಿನ್ ಪುಟದಲ್ಲಿ ಕಾಲೇಜು ಕೊಟ್ಟ ಐಡಿ, ಪಾಸ್‌ವರ್ಡ್ ಮಾತ್ರ ಹಾಕಿ. ಅದು ನಿಮ್ಮ ಜಿಮೇಲ್ ಪಾಸ್‌ವರ್ಡೋ ಒಟಿಪಿಯೋ ಕೇಳಿದರೆ ಅಲ್ಲೇ ನಿಲ್ಲಿಸಿ ಕಂಪ್ಯೂಟರ್ ಸೆಂಟರಿಗೆ ನಡೆದು ಹೋಗಿ ಕೇಳಿ. ನೆಟ್ ಬಳಸಲು ‘ಸರ್ಟಿಫಿಕೇಟ್’ ಎಂಬ ಫೈಲನ್ನು ಇನ್‌ಸ್ಟಾಲ್ ಮಾಡಬೇಕು ಎಂದರೂ ಹಾಗೇ, ವಾಟ್ಸಾಪಿನಲ್ಲಿ ಬಂದ ಫೈಲ್ ಹಾಕಬೇಡಿ. ಸಿಬ್ಬಂದಿಯೇ ಕೊಟ್ಟದ್ದಾದರೂ, ಅದನ್ನು ಹಾಕಿದ ಮೇಲೆ ನೀವು ನೋಡುವುದನ್ನು ಕಾಲೇಜಿನ ಫೈರ್‌ವಾಲ್ ಓದಬಲ್ಲದು ಎಂಬುದು ನೆನಪಿರಲಿ. ಬ್ಯಾಂಕಿನ ಕೆಲಸಕ್ಕೆ ಫೋನಿನ ಡೇಟಾ ಬಳಸಿ. ನಿಮ್ಮ ಐಡಿಯನ್ನು ರೂಮ್‌ಮೇಟಿಗೂ ಕೊಡಬೇಡಿ. ಯಾರು ಏನು ತೆರೆದರೂ ದಾಖಲೆಯಲ್ಲಿ ಬರುವುದು ನಿಮ್ಮ ಹೆಸರು.

ಸ್ವಂತ ರೌಟರ್ ತಂದವರಿಗೆ

ಮೊದಲು ವಾರ್ಡನ್ ಅನುಮತಿ ಕೇಳಿ. ಸಿಕ್ಕಿದರೆ, ಗೋಡೆಯಿಂದ ಬರುವ ಕೇಬಲ್ಲನ್ನು ರೌಟರಿನ ‘ವ್ಯಾನ್’ ಅಥವಾ ‘ಇಂಟರ್‌ನೆಟ್’ ಎಂದು ಬರೆದ ತೂತಿಗೇ ಹಾಕಿ. ಸಾಮಾನ್ಯವಾಗಿ ಅದರ ಬಣ್ಣ ಬೇರೆ ಇರುತ್ತದೆ. ತಪ್ಪಿ ‘ಲ್ಯಾನ್’ ತೂತಿಗೆ ಹಾಕಿದರೆ ಇಡೀ ಮಹಡಿಯ ನೆಟ್ ಹೋಗಬಹುದು. ಕಾರಣ ಇಷ್ಟು: ನೆಟ್‌ವರ್ಕ್ ಸೇರುವ ಪ್ರತಿ ಕಂಪ್ಯೂಟರ್ ‘ನನಗೊಂದು ವಿಳಾಸ ಕೊಡಿ’ ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಉತ್ತರಿಸಬೇಕಾದ್ದು ಕಾಲೇಜಿನ ಸರ್ವರ್. ತಪ್ಪು ತೂತಿನಲ್ಲಿರುವ ನಿಮ್ಮ ರೌಟರ್ ಅದಕ್ಕಿಂತ ಮೊದಲು ಓಗೊಟ್ಟು, ಎಲ್ಲಿಗೂ ತಲುಪದ ವಿಳಾಸಗಳನ್ನು ಪಕ್ಕದ ರೂಮಿನವರಿಗೂ ಹಂಚುತ್ತದೆ. ಪರೀಕ್ಷೆ ಹಿಂದಿನ ರಾತ್ರಿ ಹೀಗಾದರೆ ಎಷ್ಟು ಜನರಿಗೆ ತೊಂದರೆ, ಯೋಚಿಸಿ.

ರೌಟರಿನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ‘ಡಬ್ಲ್ಯೂಪಿಎಸ್’ (ಪಾಸ್‌ವರ್ಡ್ ಇಲ್ಲದೆ ಗುಂಡಿ ಒತ್ತಿಯೋ ಪಿನ್ ಹಾಕಿಯೋ ವೈಫೈ ಸೇರುವ ಸೌಲಭ್ಯ) ಆಫ್ ಮಾಡಿ, ವೈಫೈ ಭದ್ರತೆಗೆ ಡಬ್ಲ್ಯೂಪಿಎ2 ಅಥವಾ 3 ಆರಿಸಿ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಚಾರ್ಜರ್ ಕೀಳುವಾಗ ಲ್ಯಾನ್ ಕೇಬಲ್ಲನ್ನೂ ಕೀಳಿ.

ಜೆರಾಕ್ಸ್ ಅಂಗಡಿಯಿಂದ ಬರುವ ಕಾಯಿಲೆ

ಹಾಸ್ಟೆಲ್ ಹುಡುಗರ ಲ್ಯಾಪ್‌ಟಾಪಿಗೆ ವೈಫೈಯಷ್ಟೇ ಅಪಾಯ ಪೆನ್‌ಡ್ರೈವ್. ನನ್ನ ಕೊನೆಯ ವರ್ಷದ ಪ್ರಾಜೆಕ್ಟ್ ರಿಪೋರ್ಟ್ ಹೋದದ್ದು ಹೀಗೆ. ಪ್ರಿಂಟಿಗೆ ಕೊಟ್ಟು ರೂಮಿಗೆ ಬಂದು ತೆರೆದರೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿದ್ದವು. ಗಾಬರಿಯಲ್ಲಿ ಫಾರ್ಮ್ಯಾಟ್ ಮಾಡಿಬಿಟ್ಟೆ, ಇದ್ದ ಒಂದೇ ಪ್ರತಿ ಅದು. ಆ ವೈರಸ್ ಫೈಲುಗಳನ್ನು ಅಳಿಸುವುದಿಲ್ಲ, ಬಚ್ಚಿಡುತ್ತದೆ ಅಷ್ಟೇ ಎಂಬುದು ಆಮೇಲೆ ತಿಳಿಯಿತು. ನಿಮಗೆ ಹಾಗಾದರೆ ಶಾರ್ಟ್‌ಕಟ್ ಒತ್ತಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಪೆನ್‌ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ವಿಂಡೋಸಿನದೇ ಆ್ಯಂಟಿವೈರಸ್ ಆದ ಡಿಫೆಂಡರಿನಿಂದ ಸ್ಕ್ಯಾನ್ ಮಾಡಿ. ಬಳಿಕ ಎಕ್ಸ್‌ಪ್ಲೋರರಿನ ‘ಆಪ್ಷನ್ಸ್’ನ ‘ವ್ಯೂ’ಗೆ ಹೋಗಿ ಅಡಗಿದ ಫೈಲುಗಳನ್ನು ತೋರಿಸಲು ಹೇಳಿ, ಸಿಸ್ಟಂ ಫೈಲುಗಳನ್ನು ಬಚ್ಚಿಡುವ ಟಿಕ್ ತೆಗೆಯಿರಿ. ನಿಮ್ಮ ಫೋಲ್ಡರ್‌ಗಳು ಮಸುಕಾಗಿ ಕಾಣುತ್ತವೆ, ನಕಲು ಮಾಡಿಕೊಳ್ಳಿ.

ಪ್ರಿಂಟಿಗೆಂದೇ ಒಂದು ಅಗ್ಗದ ಪೆನ್‌ಡ್ರೈವ್ ಇಟ್ಟುಕೊಳ್ಳಿ, ಅದರಲ್ಲಿ ಆ ದಿನದ ಪಿಡಿಎಫ್ ಬಿಟ್ಟು ಬೇರೇನೂ ಬೇಡ. ಅಂಗಡಿಯ ಕಂಪ್ಯೂಟರಿನಲ್ಲಿ ವಾಟ್ಸಾಪ್ ವೆಬ್ ತೆರೆದಿದ್ದರೆ ಫೋನಿನ ‘ಲಿಂಕ್ಡ್ ಡಿವೈಸಸ್’ನಿಂದ ಅಲ್ಲೇ ನಿಂತು ಲಾಗೌಟ್ ಮಾಡಿ.

ಸೀನಿಯರ್ ಕೊಡುವ ‘ಕ್ರ್ಯಾಕ್’ ಸಾಫ್ಟ್‌ವೇರ್ ಬೇಡ. ಅದನ್ನು ಹಾಕಲು ‘ಮೊದಲು ಆ್ಯಂಟಿವೈರಸ್ ಆಫ್ ಮಾಡು’ ಎನ್ನುತ್ತಾರೆ. ಕಾವಲುಗಾರನನ್ನು ಕಳಿಸಿ ಬಾಗಿಲು ತೆರೆ ಎಂದಂತೆ ಅದು. ವರ್ಡ್ ಬದಲಿಗೆ ಲಿಬ್ರೆಆಫೀಸ್, ಮ್ಯಾಟ್‌ಲ್ಯಾಬ್ ಬದಲಿಗೆ ಆಕ್ಟೇವ್ ಪುಕ್ಕಟೆ ಸಿಗುತ್ತವೆ. ಕಾಲೇಜು ಮೇಲ್ ಇದ್ದರೆ ವಿದ್ಯಾರ್ಥಿ ಆವೃತ್ತಿ ಸಿಗುತ್ತದೆಯೇ ಕೇಳಿ.

ಏನಾದರೂ ಆದರೆ

ಯಂತ್ರ ವಿಚಿತ್ರವಾಗಿ ಆಡಿದರೆ ಮೊದಲು ವೈಫೈ ಆಫ್ ಮಾಡಿ, ಕೇಬಲ್ ಕೀಳಿ. ಪಾಸ್‌ವರ್ಡ್‌ಗಳನ್ನು ಬೇರೆ ಸುರಕ್ಷಿತ ಫೋನಿನಿಂದ ಬದಲಿಸಿ, ಮೊದಲಿಗೆ ಮೇಲ್, ನಂತರ ಉಳಿದದ್ದು. ಎರಡು ಹಂತದ ಪರಿಶೀಲನೆ ಇನ್ನೂ ಹಾಕಿರದಿದ್ದರೆ ಈಗಲೇ ಹಾಕಿ. ಸ್ಕಾಲರ್‌ಶಿಪ್ ಹೆಸರಲ್ಲಿ ಕರೆ ಬಂದು ದುಡ್ಡು ಹೋಗಿದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಆ ಹಣವನ್ನು ಮಧ್ಯದಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಕೊನೆಗೆ ನಕಲು. ಒಂದು ಪ್ರತಿ ಆನ್‌ಲೈನ್ ಡ್ರೈವಿನಲ್ಲಿ, ಇನ್ನೊಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ. ಆ ಡಿಸ್ಕನ್ನು ಸದಾ ಲ್ಯಾಪ್‌ಟಾಪಿಗೆ ಸಿಕ್ಕಿಸಿಡಬೇಡಿ, ಬೀಗ ಹಾಕುವ ವೈರಸ್ ಬಂದರೆ ಅದಕ್ಕೂ ಬೀಗ ಬೀಳುತ್ತದೆ. ದಸರೆಗೋ ಸಂಕ್ರಾಂತಿಗೋ ಊರಿಗೆ ಹೋದಾಗ ಅಷ್ಟರವರೆಗಿನದನ್ನೆಲ್ಲ ತುಂಬಿಸಿ, ಬಟ್ಟೆ ಬೀರುವಿನಲ್ಲಿ ಆ ರಿಕವರಿ ಕೀ ಬರೆದ ನೋಟ್‌ಬುಕ್ಕಿನ ಪಕ್ಕದಲ್ಲಿ ಇಟ್ಟು ಬನ್ನಿ.