ಬಾಲ್ಸಾ ವಿಮಾನಕ್ಕೆ ಯಾವ ಅಂಟು: ವಿಜಯಪುರದ ಬಿಸಿಲಿನಲ್ಲಿ ನನ್ನ ಅನುಭವ

ಬಾಲ್ಸಾ ಎಂಬ ಹಗುರ ಮರದಿಂದ ಕಟ್ಟಿದ ನನ್ನ ಮೊದಲ ಮಾದರಿ ವಿಮಾನಕ್ಕೆ ನಾನು ಮೂಗಿನಿಂದ ಬಾಲದವರೆಗೆ ಬಡಗಿಗಳು ಬಳಸುವ ಬಿಳಿ ಅಂಟನ್ನೇ ಹಚ್ಚಿದ್ದೆ. ಅದು ನಿಧಾನವಾಗಿ ಒಣಗುವುದರಿಂದ ನಕ್ಷೆಯ ಮೇಲೆ ಗುಂಡುಸೂಜಿ ಚುಚ್ಚಿ ರಿಬ್‌ಗಳನ್ನು (ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿಗಳನ್ನು) ನೇರ ಮಾಡಿಕೊಳ್ಳಲು ಸಾಕಷ್ಟು ಸಮಯ ಸಿಗುತ್ತಿತ್ತು. ಆದರೆ ಮೇ ತಿಂಗಳ ಒಂದು ಮಧ್ಯಾಹ್ನ, ಬಿಸಿಲಿನಲ್ಲಿ ನಿಲ್ಲಿಸಿದ್ದ ಕಾರಿನೊಳಗೆ ವಿಮಾನವನ್ನು ಮರೆತಿದ್ದು ಸಂಜೆ ತೆಗೆದು ನೋಡಿದಾಗ, ರೆಕ್ಕೆಗಳೆರಡೂ ಕೂಡುವ ನಡುವಿನ ಬೆಸುಗೆ ಜಾರಿ ಒಂದು ರೆಕ್ಕೆ ಕೆಳಗಿಳಿದಿತ್ತು. ಮರ ಮುರಿದಿರಲಿಲ್ಲ. ಪಿವಿಎ ಜಾತಿಯ ಈ ಅಂಟು ಒಣಗಿದ ಮೇಲೂ ಕಾವಿಗೆ ಮೆತ್ತಗಾಗುತ್ತದೆ ಎಂಬುದು ನನಗೆ ಆಗ ಗೊತ್ತಾಯಿತು.

ಆ ಸಿಟ್ಟಿನಲ್ಲಿ ಎರಡನೆಯ ವಿಮಾನವನ್ನು ಪೂರ್ತಿಯಾಗಿ ಸಯನೋಅಕ್ರಿಲೇಟ್‌ನಲ್ಲಿ, ಅಂದರೆ ಕ್ಷಣಾರ್ಧದಲ್ಲಿ ಹಿಡಿಯುವ ಅಂಟಿನಲ್ಲಿ ಕಟ್ಟಿದೆ. ಇದು ಗಟ್ಟಿಯಾಗಲು ತೇವ ಬೇಕು. ಆದ್ದರಿಂದ ಒಣಹವೆಯ ಏಪ್ರಿಲ್‌ನಲ್ಲಿ ನಮ್ಮಲ್ಲಿ ತಡವಾಗಿ ಹಿಡಿಯುವ ಅದೇ ಬಾಟಲಿ, ಮಳೆಗಾಲದಲ್ಲಿ ಬೆಳಗಾವಿಯ ಗೆಳೆಯರ ಮನೆಯಲ್ಲಿ ತುಂಡನ್ನು ಸರಿಪಡಿಸುವ ಮೊದಲೇ ಕಚ್ಚಿಕೊಂಡಿತು. ಅದಕ್ಕಿಂತ ದೊಡ್ಡ ತೊಂದರೆ ಉಜ್ಜುವಾಗ ಕಾಣಿಸಿತು. ಅಂಟಿನ ಗೆರೆ ಬಾಲ್ಸಾಕ್ಕಿಂತ ಬಹಳ ಗಡುಸಾದ್ದರಿಂದ ಸ್ಯಾಂಡ್‌ಪೇಪರ್ ಅಕ್ಕಪಕ್ಕದ ಮರವನ್ನು ತಿಂದು, ಗೆರೆಯನ್ನು ಮಾತ್ರ ಏಣಿನಂತೆ ಉಳಿಸಿತು. (ಚೆಲ್ಲಿದ್ದನ್ನು ಹತ್ತಿಬಟ್ಟೆಯಿಂದ ಒರೆಸಬಾರದು, ಹತ್ತಿ ತಗುಲಿದೊಡನೆ ಅಂಟಿನ ಕಾವು ಏರಿ ಚರ್ಮ ಸುಡುತ್ತದೆ. ನನ್ನ ಹೆಬ್ಬೆರಳಿಗೆ ಅದು ಚೆನ್ನಾಗಿ ನೆನಪಿದೆ.)

ಈಗ ಸೇರುವ ಜಾಗವನ್ನು ನೋಡಿ ಅಂಟನ್ನು ಆರಿಸುತ್ತೇನೆ. ರಿಬ್‌ಗಳನ್ನು ಮೊದಲು ಒಣದಾಗಿಯೇ ಕೂರಿಸಿ, ಸಂದಿಗೆ ತೆಳು ಸಯನೋಅಕ್ರಿಲೇಟ್‌ನ ಒಂದೊಂದು ಹನಿ ಬಿಡುತ್ತೇನೆ. ಅದು ತಾನಾಗಿ ಒಳಗೆ ಹರಿಯುತ್ತದೆ, ಆದರೆ ಸಂದಿ ಅಗಲವಾಗಿದ್ದರೆ ತುಂಬುವುದಿಲ್ಲ. ಆಮೇಲೆ ಉಜ್ಜಬೇಕಾಗಿರುವ ಹೊರಮೈ ಹಾಳೆಗಳ ಅಂಚಿಗೆ ಮರಗೆಲಸದ ಹಳದಿ ಅಂಟು ಹಚ್ಚುತ್ತೇನೆ. ಅದು ಒಣಗಿದ ಮೇಲೆ ಬಿಳಿಯದರಂತೆ ರಬ್ಬರಾಗದೆ ಪುಡಿಯಾಗಿ ಉದುರುತ್ತದೆ.

ಮೋಟರು ಕೂರುವ ಪ್ಲೈವುಡ್ ಮತ್ತು ರೆಕ್ಕೆಗಳ ನಡುಬೆಸುಗೆ, ಈ ಎರಡಕ್ಕೆ ಮಾತ್ರ ಎಪಾಕ್ಸಿ (ಎರಡು ಭಾಗಗಳನ್ನು ಕಲಸಿ ಬಳಸುವ ಅಂಟು), ಅದೂ ನಿಧಾನವಾಗಿ ಗಟ್ಟಿಯಾಗುವುದು. ಐದು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿಯನ್ನು ನಮ್ಮ ಬೇಸಿಗೆಯಲ್ಲಿ ಡಬ್ಬಿಯೊಳಗೆ ಗುಡ್ಡೆಯಾಗಿ ಕಲಸಿದರೆ, ತನ್ನದೇ ಕಾವಿನಿಂದ ಮೂರು ನಿಮಿಷ ತಡೆಯುವುದೂ ಕಷ್ಟ. ಹೀಗಾಗಿ ಹಳೆಯ ಟೈಲ್ಸ್ ತುಂಡಿನ ಮೇಲೆ ತೆಳುವಾಗಿ ಹರಡಿ ಕಲಸುತ್ತೇನೆ, ಹೆಚ್ಚಾದದ್ದನ್ನು ಕಡ್ಡಿಯಿಂದ ಕೆರೆದು ತೆಗೆಯುತ್ತೇನೆ. ಏಕೆಂದರೆ ಉಳಿದ ಪ್ರತಿ ಗ್ರಾಂ ಎಪಾಕ್ಸಿಯನ್ನೂ ವಿಮಾನವೇ ಹೊತ್ತು ಹಾರಬೇಕು.